ಜೋಗದ ಗುಂಡಿಯ ಪರವಾಗಿ ಮೂರು ಖಾತೆಗಳಿಗೆ ಒಂದು ಪತ್ರ

ಕರ್ನಾಟಕ ಸರ್ಕಾರದ ಪ್ರವಾಸೋದ್ಯಮ, ಅರಣ್ಯ ಮತ್ತು ಇಂಧನ ಖಾತೆಗಳ ಮಾನ್ಯ ಸಚಿವರಿಗೆ,

ಮಾನ್ಯರೇ,

ಒಂದೇ ಅರ್ಜಿಯನ್ನು ಮೂರು ಖಾತೆಗಳಿಗೆ ಬರೆದರೆ ಅದು ಮೂರೂ ಕಡೆ ತಪ್ಪಿಹೋಗುತ್ತದೆ ಎಂದು ಕಚೇರಿ ಕೆಲಸದಲ್ಲಿ ತಲೆ ನರೆಸಿಕೊಂಡ ಸ್ನೇಹಿತರು ಎಚ್ಚರಿಸಿದ್ದಾರೆ. ಆದರೂ ಜೋಗದ ವಿಷಯದಲ್ಲಿ ನನಗೆ ಬೇರೆ ದಾರಿ ಕಾಣಲಿಲ್ಲ. ಅಲ್ಲಿ ಬೀಳುವ, ಅಥವಾ ಬೀಳದೇ ಉಳಿಯುವ, ನೀರಿನ ಲೆಕ್ಕ ಇಂಧನ ಖಾತೆಯಲ್ಲಿದೆ. ಆ ನೀರು ಕೊರೆದ ಕಣಿವೆ ಮತ್ತು ಕಣಿವೆಯ ಕಾಡು ಅರಣ್ಯ ಖಾತೆಯ ನಕ್ಷೆಯಲ್ಲಿವೆ. ಅದನ್ನು ನೋಡಲು ನಿಲ್ಲುವ ಕಟ್ಟೆ, ಕಂಬಿ, ಟಿಕೆಟ್ ಕೌಂಟರು, ವಾಹನ ನಿಲ್ಲಿಸುವ ಜಾಗ ಪ್ರವಾಸೋದ್ಯಮದ ಪಾಲಿಗೆ ಬಂದಿವೆ. ಬರುವ ಪ್ರವಾಸಿಗೆ ಮಾತ್ರ ಈ ಪಾಲುಪಟ್ಟಿ ತಿಳಿಯದು. ಅವನು ಒಂದೇ ಜೋಡಿ ಕಣ್ಣಿನಿಂದ ಎಲ್ಲವನ್ನೂ ಒಟ್ಟಿಗೆ ನೋಡುತ್ತಾನೆ, ಅಥವಾ ಯಾವುದನ್ನೂ ಸರಿಯಾಗಿ ನೋಡದೆ ಮರಳುತ್ತಾನೆ. ನಾನು ಸಾಗರ ತಾಲ್ಲೂಕಿನವನು. ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು. ಶಾಲಾ ಪ್ರವಾಸದ ನೆಪದಲ್ಲಿ, ನೆಂಟರ ನೆಪದಲ್ಲಿ, ಕೆಲವೊಮ್ಮೆ ಯಾವ ನೆಪವೂ ಇಲ್ಲದೆ ಜೋಗಕ್ಕೆ ಹೋದದ್ದು ಎಷ್ಟು ಸಲ ಎಂದು ಎಣಿಸಿದವನಲ್ಲ. ಆ ಸಲುಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಹಿರಿಯರು ಜೋಗಕ್ಕೆ ಜಲಪಾತ ಎಂದವರಲ್ಲ. 'ಜೋಗದ ಗುಂಡಿ' ಎಂದೇ ಅವರ ಮಾತು. ಬ್ರಿಟಿಷರು ಕೆಳಗಿನ ಊರಿನ ಹೆಸರು ಹಿಡಿದು ಗೇರುಸೊಪ್ಪೆ ಫಾಲ್ಸ್ ಎಂದು ಬರೆದುಕೊಂಡರು, ನಾವು ಪಠ್ಯಪುಸ್ತಕದಲ್ಲಿ ಜೋಗ ಜಲಪಾತ ಎಂದು ಓದಿಸಿದೆವು. ಎರಡೂ ಹೆಸರುಗಳಲ್ಲಿ ಕಣ್ಣು ಬಿದ್ದಿರುವುದು ನೀರಿನ ಮೇಲೆ. ಹಳೆಯ ಹೆಸರಿನಲ್ಲಿ ಕಣ್ಣು ಬಿದ್ದಿರುವುದು ನೀರು ಬೀಳುವ ಜಾಗದ ಮೇಲೆ, ಘಟ್ಟದ ಅಂಚನ್ನು ಶರಾವತಿ ಕೊರೆದು ಮಾಡಿದ ಆ ಅಗಾಧ ಹೊಂಡದ ಮೇಲೆ. ಒಮ್ಮೆ ಎಂಟನೇ ತರಗತಿಯ ಹುಡುಗನೊಬ್ಬ ಕಂಬಿ ಹಿಡಿದು ಕೆಳಗೆ ನೋಡುತ್ತ, "ಸರ್, ಇಷ್ಟು ದೊಡ್ಡ ಗುಂಡಿ ತೋಡಿದ್ದು ಯಾರು?" ಎಂದು ಕೇಳಿದ್ದ. ಜೊತೆಗಿದ್ದವರು ನಕ್ಕರು. ನನಗೆ ಮಾತ್ರ ಅಂದಿನವರೆಗೆ ಜೋಗದ ಬಗ್ಗೆ ಕೇಳಿದ ಪ್ರಶ್ನೆಗಳಲ್ಲೆಲ್ಲ ಅದೇ ಸರಿಯಾದ ಪ್ರಶ್ನೆ ಎನಿಸಿತು. ಉಳಿದವರೆಲ್ಲ ಕೇಳುವುದು ಒಂದೇ: "ನೀರು ಬಿಟ್ಟಿದ್ದಾರಾ?"

ಈ ಪತ್ರದ ಬೇಡಿಕೆಯನ್ನು ಒಂದು ಸಾಲಿನಲ್ಲಿ ಹೇಳುವುದಾದರೆ, ಜೋಗವನ್ನು ಜಲಪಾತವೆಂದು ನಡೆಸುವುದನ್ನು ಬಿಟ್ಟು ಗುಂಡಿಯೆಂದು ನಡೆಸಿ ಎಂಬುದಷ್ಟೇ. ಕೇಳಲು ವಿಚಿತ್ರವಾಗಿರುವುದರಿಂದ ಸ್ವಲ್ಪ ವಿವರಿಸಬೇಕಾಗಿದೆ.

ಜುಲೈ ತಿಂಗಳ ಒಂದು ಭಾನುವಾರವನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ವಾಹನಗಳ ಸಾಲು ದ್ವಾರದಿಂದ ಹೊರಗೆ ರಸ್ತೆಗೆ ಚಾಚಿರುತ್ತದೆ. ಬೆಂಗಳೂರಿನಿಂದ ರಾತ್ರಿಯಿಡೀ ಬಂದವರು, ತಾಳಗುಪ್ಪದಲ್ಲಿ ರೈಲಿಳಿದು ಆಟೊ ಹಿಡಿದವರು, ಹಾವೇರಿ ಹುಬ್ಬಳ್ಳಿ ಕಡೆಯಿಂದ ಟೆಂಪೊ ಮಾಡಿಕೊಂಡು ಬುತ್ತಿ ಕಟ್ಟಿಕೊಂಡು ಬಂದವರು, ಎಲ್ಲರೂ ಕೊಡೆ ಬಿಚ್ಚಿ ಕಂಬಿಯ ಬಳಿ ನಿಲ್ಲುತ್ತಾರೆ. ಎದುರಿಗೆ ಬಿಳಿಯ ಮಂಜಲ್ಲದೆ ಇನ್ನೇನೂ ಇಲ್ಲ. ಸದ್ದು ಮಾತ್ರ ಇದೆ, ಅದೂ ಕಿವಿಗಿಂತ ಮೊದಲು ಎದೆಗೆ ತಾಗುವಂಥದ್ದು. ಕಾಲು ಗಂಟೆ ಕಾದವರು ಬೇಸತ್ತು ಮಸಾಲೆ ಸವರಿದ ಅನಾನಸ್ಸಿನ ಹೋಳು ತಿನ್ನಲು ಹೊರಡುತ್ತಾರೆ. ಆಗ ಗಾಳಿ ತಿರುಗುತ್ತದೆ. ಕೆಳಗಿನಿಂದ ಎದ್ದ ಗಾಳಿ ಕೊಡೆಗಳನ್ನು ಬೋರಲು ಮಾಡಿ, ಮಂಜನ್ನು ಪರದೆಯ ಹಾಗೆ ಎತ್ತಿಬಿಡುತ್ತದೆ. ಜೋಗದ ನಾಲ್ಕು ಕವಲುಗಳಲ್ಲಿ ಮೊದಲು ರಾಣಿಯ ನೊರೆಯ ಮೈ, ಆಮೇಲೆ ರಾಕೆಟ್ಟಿನ ಚಿಮ್ಮು, ಕೊನೆಗೆ ರಾಜ ಮತ್ತು ಅವನ ಕಡೆಗೆ ಬಾಗಿ ಬರುವ ರೋರರ್ ಕಾಣಿಸಿಕೊಳ್ಳುತ್ತವೆ. ಎರಡು ನಿಮಿಷ. ಮತ್ತೆ ಬಿಳಿ. ಅನಾನಸ್ ಕೈಯಲ್ಲಿ ಹಿಡಿದವರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಲ್ಲಿ ಕಾಯುವುದೇ ನೋಡುವುದರ ಮುಕ್ಕಾಲು ಪಾಲು ಎಂದು ಬಂದವರಿಗೆ ಹೇಳುವವರು ಯಾರೂ ಇಲ್ಲ.

ಇನ್ನು ಏಪ್ರಿಲ್ ತಿಂಗಳು. ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ರಾಯಚೂರು ಕಡೆಯ ಒಂದು ಕುಟುಂಬ ನನ್ನ ಪಕ್ಕದಲ್ಲೇ ಬಂದು ನಿಂತಿತ್ತು. ಅಜ್ಜಿ, ಮಗ, ಸೊಸೆ, ಎರಡು ಮಕ್ಕಳು. ಎದುರಿನ ಕಪ್ಪು ಬಂಡೆಯ ಮೇಲೆ ಎರಡು ನೀರಿನ ಎಳೆಗಳು ಒದ್ದೆ ಕಲೆಗಳ ಹಾಗೆ ಇಳಿಯುತ್ತಿದ್ದವು. ಅಜ್ಜಿ ಬಹಳ ಹೊತ್ತು ನೋಡಿ, "ಇದನ್ನ ನೋಡಾಕ ಇಷ್ಟು ದೂರ ಕರಕೊಂಡು ಬಂದಿಯೇನೋ?" ಎಂದು ಮಗನನ್ನು ಕೇಳಿದಳು. ಮಗ ತಲೆ ತಗ್ಗಿಸಿದ. ಪ್ರವಾಸ ಗೊತ್ತುಮಾಡಿಕೊಟ್ಟವರು ತುಂಬಿ ಬೀಳುವ ಜೋಗದ ಚಿತ್ರ ತೋರಿಸಿದ್ದರಂತೆ. ನಾನು ಮೇಷ್ಟರ ಚಟಕ್ಕೆ ಬಿದ್ದು, ನೀರಿಲ್ಲದ್ದರಿಂದಲೇ ಕಾಣುತ್ತಿರುವುದನ್ನು ಅವರಿಗೆ ತೋರಿಸಲು ಹೊರಟೆ. ಮಳೆಗಾಲದಲ್ಲಿ ನೀರಿನ ಹಿಂದೆ ಮುಚ್ಚಿಹೋಗುವ ಬಂಡೆಯ ಪದರಗಳು, ರಾಜ ಬೀಳುವಲ್ಲಿ ಬಂಡೆ ಒಳಕ್ಕೆ ಸರಿದು ಆಗಿರುವ ಗವಿಯಂಥ ಜಾಗ, ರೋರರ್ ಮೊದಲು ಬಿದ್ದು ಪುಟಿದೇಳುವ ಬೋಗುಣಿ, ಎಲ್ಲಕ್ಕಿಂತ ಕೆಳಗೆ ಹಸಿರು ಗಾಜಿನ ಹಾಗೆ ನಿಂತ ಮಡು. ಬಂಡೆಯ ಮುಂದೆ ಕುಡುಗೋಲಿನಂಥ ರೆಕ್ಕೆಯ ಬಾನಾಡಿಗಳು ನೂರಾರು ಸಂಖ್ಯೆಯಲ್ಲಿ ಸುತ್ತುತ್ತಿದ್ದವು. ಸಂದುಗಳಿಂದ ಪಾರಿವಾಳಗಳು ಹೊರಬಿದ್ದು ಕೆಳಕ್ಕೆ ಧುಮುಕುತ್ತಿದ್ದವು. ಒಂದು ಪಾರಿವಾಳ ಬಂಡೆಯ ನೆತ್ತಿಯಿಂದ ಇಳಿಯತೊಡಗಿದ್ದನ್ನು ಹಿಡಿದು, ಅದು ಮಡುವಿನ ಮಟ್ಟ ಮುಟ್ಟುವವರೆಗೆ ಕಣ್ಣು ತಪ್ಪಿಸದೆ ನೋಡಲು ಮಕ್ಕಳಿಗೆ ಹೇಳಿದೆ. ಅದು ಚುಕ್ಕಿಯಾಗಿ, ಚುಕ್ಕಿ ಮಾಯವಾಗಿ, ಇನ್ನೂ ನೆಲ ಮುಟ್ಟಿರಲಿಲ್ಲ. 253 ಮೀಟರ್, ಹಳೆಯ ಲೆಕ್ಕದಲ್ಲಿ 830 ಅಡಿ, ಎಂಬ ಅಂಕಿಯನ್ನು ನಾನು ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ. ಅದರ ಅರ್ಥ ಆ ಹಕ್ಕಿಯಷ್ಟು ಚೆನ್ನಾಗಿ ಯಾರಿಗೂ ಹೇಳಿಕೊಟ್ಟಿಲ್ಲ. ಅಜ್ಜಿ ಕೊನೆಗೆ ಕಂಬಿಯ ಕೆಳಗೆ ಕೂತೇಬಿಟ್ಟಳು, ಮಕ್ಕಳು ಎಬ್ಬಿಸಿದರೂ ಏಳಲಿಲ್ಲ.

ಏಪ್ರಿಲ್ಲಿನಲ್ಲಿ ನೀರು ಏಕಿಲ್ಲ ಎಂಬುದನ್ನು ಇಂಧನ ಖಾತೆಗೆ ನಾನು ವಿವರಿಸುವುದು ಉದ್ಧಟತನವಾದೀತು. ಓದುವ ಇತರರಿಗಾಗಿ ಎರಡು ಮಾತು ಹೇಳುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯ ಒಟ್ಟು ಓಟ ಸುಮಾರು 128 ಕಿಲೋಮೀಟರ್. ಇಷ್ಟು ಚಿಕ್ಕ ನದಿ ನಾಡಿಗೆ ಕೊಟ್ಟಷ್ಟು ಬೆಳಕನ್ನು ಬೇರೆ ಯಾವ ನದಿಯೂ ಕೊಟ್ಟಿಲ್ಲ. ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ ಗುಂಡಿಯ ಒಳಗಿನ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. 1964ರಲ್ಲಿ ಜೋಗದಿಂದ ಆರೇಳು ಕಿಲೋಮೀಟರ್ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಹಿರೇಭಾಸ್ಕರವೂ ಅದರ ಹಿನ್ನೀರಿನಲ್ಲಿ ಮುಳುಗಿತು, ಈಗಲೂ ಕಡು ಬೇಸಿಗೆಯಲ್ಲಿ ಮಾತ್ರ ತಲೆ ಎತ್ತುತ್ತದೆ. ಲಿಂಗನಮಕ್ಕಿಯ ನೀರು ತಳಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಇಳಿದು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಲಿಂಗನಮಕ್ಕಿ ಜಲಾಶಯ ತುಂಬಿ, ಸಮುದ್ರ ಮಟ್ಟದಿಂದ 1,819 ಅಡಿಯ ಗರಿಷ್ಠ ಮಟ್ಟಕ್ಕೆ ಬಂದು ಬಾಗಿಲು ತೆರೆದಾಗ ಮಾತ್ರ ಜೋಗ ಹಳೆಯ ಜೋಗವಾಗುತ್ತದೆ. ಉಳಿದ ದಿನಗಳಲ್ಲಿ ಕಾಣುವುದು ಅಣೆಕಟ್ಟಿನ ಕೆಳಗೆ ಬಿದ್ದ ಮಳೆಯ ಪಾಲು.

ಇದನ್ನು ದೂರಾಗಿ ಬರೆಯುತ್ತಿಲ್ಲ. ನಾನು ಓದಿದ್ದೂ, ಮಕ್ಕಳ ಉತ್ತರಪತ್ರಿಕೆ ತಿದ್ದಿದ್ದೂ ಆ ನೀರಿನ ಬೆಳಕಿನಲ್ಲೇ. ಆ ಬೆಳಕಿಗಾಗಿ ಮನೆ, ಗದ್ದೆ, ಅಡಿಕೆ ತೋಟ ಮುಳುಗಿಸಿಕೊಂಡು ಎದ್ದು ಬಂದವರ ಮೊಮ್ಮಕ್ಕಳು ಇಂದಿಗೂ ತಾವು ಕೂತ ಜಾಗದ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ ಎಂಬುದನ್ನು ಮಾತ್ರ, ಜೋಗದ ಸೊಬಗಿನ ಮಾತು ಬಂದಾಗಲೆಲ್ಲ, ನಮ್ಮಂಥವರು ಬಾಯಿಬಿಟ್ಟು ಹೇಳಬೇಕಾಗುತ್ತದೆ. ವೀಕ್ಷಣಾ ಕಟ್ಟೆಯ ಮೇಲೆ ಎಷ್ಟೋ ಫಲಕಗಳಿವೆ; ಮುಳುಗಡೆಯ ಜನರ ಬಗ್ಗೆ ಒಂದು ಸಾಲನ್ನು ನಾನು ಅಲ್ಲಿ ಓದಿದ ನೆನಪಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ ನಿಜ ಹೇಳಬೇಕು. ಲಿಂಗನಮಕ್ಕಿಯಲ್ಲಿ ಇಂದಿನ ಮಟ್ಟ ಎಷ್ಟು, ಬಾಗಿಲು ತೆರೆದಿದೆಯೇ, ಜೋಗದಲ್ಲಿ ಇಂದು ಯಾವ ಯಾವ ಕವಲುಗಳಲ್ಲಿ ನೀರಿದೆ, ಬೆಳಿಗ್ಗೆ ಮಂಜು ಹೇಗಿತ್ತು ಎಂಬ ನಾಲ್ಕು ಸಾಲುಗಳನ್ನು ದಿನಾ ಬೆಳಿಗ್ಗೆ ಒಂದು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯಲು ಹಣ ಬೇಕಿಲ್ಲ. ಅದೇ ಸಾಲುಗಳು ಶಿವಮೊಗ್ಗ, ಸಾಗರ, ಸಿದ್ದಾಪುರ, ಹೊನ್ನಾವರದ ಬಸ್ ನಿಲ್ದಾಣಗಳಲ್ಲೂ ತಾಳಗುಪ್ಪದ ರೈಲು ನಿಲ್ದಾಣದಲ್ಲೂ ಇದ್ದರೆ, ಆ ಅಜ್ಜಿಯಂಥವರು ಏನು ನೋಡಲು ಹೋಗುತ್ತಿದ್ದೇವೆಂದು ತಿಳಿದೇ ಹತ್ತಬಹುದು. ಎರಡನೆಯದಾಗಿ, ಅಣೆಕಟ್ಟಿನಿಂದ ಜೋಗದವರೆಗಿನ ಹೊಳೆಗೂ ಜೋಗದ ಕೆಳಗಿನ ಕಣಿವೆಗೂ ವರ್ಷವಿಡೀ ಒಂದು ಕನಿಷ್ಠ ಹರಿವು ಸಿಗಬೇಕು. ವಾರಾಂತ್ಯಕ್ಕೆ ನೀರು ಬಿಡಿ ಎಂಬ ಕೂಗು ಆಗಾಗ ಏಳುತ್ತದೆ, ನಾನು ಅದರ ಪರವಾಗಿಲ್ಲ. ಮೀನಿಗೂ ದಡದ ಗಿಡಕ್ಕೂ ಭಾನುವಾರ ಎಂಬುದಿಲ್ಲ. ಎಷ್ಟು ನೀರು, ಯಾವ ತಿಂಗಳಲ್ಲಿ ಎಷ್ಟು ಎಂಬುದನ್ನು ನದಿ ಬಲ್ಲ ವಿಜ್ಞಾನಿಗಳು ಹೇಳಲಿ. ಅದು ಪ್ರವಾಸಿಯ ಕ್ಯಾಮೆರಾಕ್ಕೆ ಸಾಲದೆ ಹೋದರೂ ನನಗೆ ಬೇಸರವಿಲ್ಲ. ಕಾಣದ ದಾರಿಯಲ್ಲಿ ಹೋದ ನೀರು ಕೆಳಗೆ ಏನು ಮಾಡಿದೆ ಎಂಬುದನ್ನೂ ಅವರೇ ಅಳೆದು ಹೇಳಿದ್ದಾರೆ: ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಹರಿದು ಬರುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪು ತಗ್ಗಿದೆ, ಉಪ್ಪುನೀರನ್ನು ನಂಬಿದ ಚಿಪ್ಪಿಕಲ್ಲು, ಮೀನುಗಳು ಕಡಿಮೆಯಾಗಿವೆ. ಬೀಳಬೇಕಾದಲ್ಲಿ ಇಲ್ಲದ ನೀರು, ಇರಬಾರದಲ್ಲಿ ಇದೆ.

ನೀರಿಲ್ಲದ ಜೋಗವನ್ನು ನೋಡಲಾಗದೆ ನಮ್ಮಲ್ಲಿ ಹುಟ್ಟಿದ ಉಪಾಯಗಳು ಒಂದೆರಡಲ್ಲ. ಬಿದ್ದ ನೀರನ್ನೇ ಪಂಪು ಹಾಕಿ ಮೇಲೆತ್ತಿ ಮತ್ತೆ ಬೀಳಿಸುವ ಯೋಜನೆಯೊಂದು ಕೆಲವು ವರ್ಷ ಸುದ್ದಿಯಲ್ಲಿತ್ತು. ಬೀಳುವ ನೀರಿನಿಂದ ವಿದ್ಯುತ್ ತೆಗೆಯಲೆಂದು ನದಿಯನ್ನು ನಿಲ್ಲಿಸಿ, ನಿಂತ ನದಿಯನ್ನು ಬೀಳಿಸಲೆಂದು ವಿದ್ಯುತ್ ಸುರಿಯುವ ಆ ಲೆಕ್ಕವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಕೊಟ್ಟಿದ್ದರೆ ಪ್ರಶ್ನೆಯೇ ತಪ್ಪಾಗಿದೆ ಎನ್ನುತ್ತಿದ್ದರು. ರಾತ್ರಿ ಹೊತ್ತು ಬಣ್ಣದ ದೀಪ ಬಿಡುವುದೂ ಅದೇ ಜಾತಿಯದು. ಬಂಡೆಯ ಸಂದುಗಳಲ್ಲಿ ಗೂಡು ಮಾಡಿ ಮಲಗುವ ಹಕ್ಕಿಗಳ ಮುಖಕ್ಕೆ ನೇರಳೆ, ಹಸಿರು, ಕೆಂಪು ಬೆಳಕು ಚೆಲ್ಲಿ ನಾವು ನೋಡುವುದಾದರೂ ಏನನ್ನು? ಹುಣ್ಣಿಮೆಯ ಆಚೀಚೆ ನಾಲ್ಕು ದಿನ ಎಲ್ಲ ದೀಪ ಆರಿಸಿ, ಜನರನ್ನು ಮಿತಿಯಲ್ಲಿ ಒಳಗೆ ಬಿಟ್ಟು ನೋಡಿ. ಮಳೆ ಬಿಟ್ಟ ನವೆಂಬರಿನ ಬೆಳುದಿಂಗಳಲ್ಲಿ ರಾಣಿಗೆ ಹಳೆಯ ಇಂಗ್ಲಿಷರು 'ಶ್ವೇತ ವನಿತೆ' ಎಂಬರ್ಥದ ಫ್ರೆಂಚ್ ಹೆಸರನ್ನು ಏಕೆ ಇಟ್ಟಿದ್ದರೆಂದು ಯಾರೂ ವಿವರಿಸಬೇಕಾಗುವುದಿಲ್ಲ.

ರೋಪ್‌ವೇ ಮತ್ತು ತಾರಾ ಹೋಟೆಲಿನ ಯೋಜನೆಯ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ವಯಸ್ಸಾದವರಿಗೆ, ನಡೆಯಲಾರದವರಿಗೆ ಅನುಕೂಲ ಎಂಬ ವಾದವನ್ನು ನಾನು ಗೌರವಿಸುತ್ತೇನೆ. ನನ್ನ ಮಂಡಿಗಳೂ ಈಗ ಆ ಪಕ್ಷದಲ್ಲಿವೆ. ಆದರೆ ಗುಂಡಿಯ ಮೇಲೆ ತಂತಿ ಎಳೆದು ಪೆಟ್ಟಿಗೆಗಳನ್ನು ಓಡಿಸಿದರೆ, ಹತ್ತು ನಿಮಿಷ ಪೆಟ್ಟಿಗೆಯಲ್ಲಿ ಕೂತವರ ಸಲುವಾಗಿ ದಿನವಿಡೀ ಕಟ್ಟೆಯ ಮೇಲೆ ನಿಂತ ಸಾವಿರಾರು ಜನರ ನೋಟಕ್ಕೆ ಅಡ್ಡಗೆರೆ ಬೀಳುತ್ತದೆ. ನಡೆಯಲಾರದವರಿಗೆ ಕಟ್ಟೆಯ ಮೇಲೆ ಗಾಲಿಕುರ್ಚಿ ಸಲೀಸಾಗಿ ಸಾಗುವ ಇಳಿಜಾರು, ಕುಳಿತು ನೋಡಲು ಕಂಬಿಗೆ ಅಂಟಿಕೊಂಡ ಕಲ್ಲುಬೆಂಚು, ಅವರ ಕಣ್ಣಿನ ಮಟ್ಟದಲ್ಲಿ ಅಡ್ಡಕಂಬಿ ಬಾರದ ಹಾಗೆ ಕಟ್ಟಿದ ಒಂದು ಮೂಲೆ, ಶುಚಿಯಾದ ಶೌಚಾಲಯ, ಇಷ್ಟಿದ್ದರೆ ಹತ್ತು ರೋಪ್‌ವೇಗಳ ಪುಣ್ಯ ಬಂದೀತು. ಉಳಿದುಕೊಳ್ಳಲು ತಾಳಗುಪ್ಪ, ಸಾಗರ, ಸಿದ್ದಾಪುರಗಳಿವೆ. ಹಳ್ಳಿಗಳ ಮನೆಗಳಲ್ಲಿ ಕೋಣೆ ಬಿಟ್ಟುಕೊಟ್ಟು ಕೊಟ್ಟೆಕಡುಬು, ತಂಬುಳಿ ಬಡಿಸಲು ಜನ ಸಿದ್ಧರಿದ್ದಾರೆ. ಅಂಚಿನಲ್ಲಿ ಹೋಟೆಲು ಕಟ್ಟಿ ಅದರ ಕೊಳಚೆ ನೀರು ಎಲ್ಲಿಗಿಳಿಯುತ್ತದೆ ಎಂಬ ಪ್ರಶ್ನೆಗೆ, ಗುಂಡಿಯ ಅಂಚಿನಲ್ಲಿ, ಒಂದೇ ಉತ್ತರವಿದೆ.

ಈಗ ಮೆಟ್ಟಿಲುಗಳಿಗೆ ಬರುತ್ತೇನೆ. ಈ ಪತ್ರ ಬರೆಯಲು ಕೂತದ್ದೇ ಬಹುಮಟ್ಟಿಗೆ ಅವುಗಳ ಸಲುವಾಗಿ. ಕಟ್ಟೆಯ ಪಕ್ಕದಿಂದ ಗುಂಡಿಯ ಬುಡಕ್ಕೆ ಇಳಿಯುವ ಸುಮಾರು 1,400 ಮೆಟ್ಟಿಲುಗಳಿವೆ. ಹೆಚ್ಚಿನವರು ನೂರು ಇನ್ನೂರು ಇಳಿದು, ಸೆಲ್ಫಿ ತೆಗೆದು, ಏದುಸಿರು ಬಿಡುತ್ತ ಹತ್ತಿಬಿಡುತ್ತಾರೆ. ಪೂರ್ತಿ ಇಳಿದವರಿಗೆ ಮಾತ್ರ ತಿಳಿಯುವ ಸಂಗತಿಯೊಂದಿದೆ. ಕಾಲು ಭಾಗ ಇಳಿಯುವಷ್ಟರಲ್ಲಿ ಮೇಲಿನ ಧ್ವನಿವರ್ಧಕ, ಹಾರ್ನು, ಹುಡುಗರ ಕೇಕೆ ಎಲ್ಲ ಕಿವಿಯಿಂದ ಜಾರುತ್ತವೆ. ಅರ್ಧ ಇಳಿದಾಗ ಗಾಳಿಯ ವಾಸನೆ ಬದಲಾಗುತ್ತದೆ: ಒದ್ದೆ ಕಲ್ಲು, ಕೊಳೆತ ಎಲೆ, ಪಾಚಿ. ಮೇಲಿನಿಂದ ನೂಲಿನ ಹಾಗಿದ್ದ ನೀರು ಈಗ ಹಗ್ಗ. ಇನ್ನೂ ಇಳಿದರೆ ಬಂಡೆ ನಿಮ್ಮ ಎದುರಿಗಿರುವುದನ್ನು ಬಿಟ್ಟು ನಿಮ್ಮ ಮೇಲಕ್ಕೆ ಹೋಗುತ್ತದೆ. ಆಕಾಶ ಒಂದು ತುಂಡಾಗುತ್ತದೆ. ಕೊನೆಯಲ್ಲಿ ಮೆಟ್ಟಿಲುಗಳು ಮುಗಿದು ಮನೆಯಷ್ಟು ಮನೆಯಷ್ಟು ದೊಡ್ಡ ಬಂಡೆಗಳ ರಾಶಿ. ಅಲ್ಲಿ ನಿಂತು ತಲೆ ಎತ್ತಿದರೆ ರಾಜನ ನೀರು ಎಲ್ಲೂ ಬಂಡೆಗೆ ತಾಗದೆ ಬರುವುದು ಕಾಣುತ್ತದೆ. ನೀರು ಸಾಕಷ್ಟಿಲ್ಲದ ದಿನಗಳಲ್ಲಿ ಅದು ಅರ್ಧದಲ್ಲೇ ಹುಡಿಯಾಗಿ ಗಾಳಿಯೊಡನೆ ಪಕ್ಕಕ್ಕೆ ಹೋಗಿಬಿಡುತ್ತದೆ, ನಿಮ್ಮ ಕನ್ನಡಕದ ಮೇಲೆ ಮಾತ್ರ ಒದ್ದೆ ಉಳಿಯುತ್ತದೆ. 'ಗುಂಡಿ' ಎಂದು ಹೆಸರಿಟ್ಟವರು ಇಲ್ಲಿ ನಿಂತವರೇ ಆಗಿರಬೇಕು.

ಈ ಮೆಟ್ಟಿಲುಗಳನ್ನು ಬೇಕಾದಾಗ ತೆರೆಯುವ, ಬೇಡವಾದಾಗ ಬೀಗ ಹಾಕುವ ವಸ್ತುವೆಂದು ನೋಡಬೇಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದಾಗ, ಕಲ್ಲು ಜಾರುವಾಗ, ಅಣೆಕಟ್ಟಿನ ಬಾಗಿಲು ತೆರೆಯುವ ಸೂಚನೆ ಇರುವಾಗ ಮುಚ್ಚಲೇಬೇಕು, ಆ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಅದು ಬಿಟ್ಟ ತಿಂಗಳುಗಳಲ್ಲಿ ಇದನ್ನೇ ಜೋಗದ ಮುಖ್ಯ ದಾರಿಯೆಂದು ನಡೆಸಬಹುದು. ಒಂದು ಬಾರಿಗೆ ಇಪ್ಪತ್ತು ಮೂವತ್ತು ಜನ. ಜೊತೆಗೆ ಕಾರ್ಗಲ್, ಜೋಗ, ಮಾವಿನಗುಂಡಿ ಕಡೆಯ ಯುವಕ ಯುವತಿಯರಲ್ಲಿ ತರಬೇತಿ ಪಡೆದ ಒಬ್ಬರು. ಇಳಿಯುವ ಮೊದಲು ಹೃದಯ, ಉಸಿರಾಟದ ತೊಂದರೆ ಇದ್ದವರನ್ನು ಕೇಳಿ ತಡೆಯುವ ವ್ಯವಸ್ಥೆ. ನಡುವೆ ಎರಡು ಕಡೆ ಕುಡಿಯುವ ನೀರು, ಕೂರಲು ಕಟ್ಟೆ. ಪ್ಲಾಸ್ಟಿಕ್ ಬಾಟಲಿ ಒಯ್ಯುವವರಿಂದ ಠೇವಣಿ ಇಟ್ಟುಕೊಂಡು, ಮರಳಿ ತಂದಾಗ ಹಿಂತಿರುಗಿಸಿ. ಇಳಿಯಲು ನಲವತ್ತು ನಿಮಿಷ, ಹತ್ತಲು ಅದರ ಎರಡರಷ್ಟು ಎಂದು ಮೊದಲೇ ಹೇಳಿದರೆ ಅರ್ಧ ಜನ ತಾವಾಗಿಯೇ ಹಿಂದೆ ಸರಿಯುತ್ತಾರೆ, ಅದೂ ಒಳ್ಳೆಯದೇ. ಇದಕ್ಕೆ ಪ್ರತ್ಯೇಕ ಶುಲ್ಕ ವಿಧಿಸಿದರೂ ಕೊಡುತ್ತಾರೆ. ಆ ಹಣ ಅದೇ ಮೆಟ್ಟಿಲಿಗೆ, ಅದೇ ಹುಡುಗರ ಸಂಬಳಕ್ಕೆ ಹೋಗಲಿ.

ಇನ್ನೊಂದು ದಡದ ಕಥೆಯನ್ನೂ ಹೇಳಬೇಕು. ಒಂದು ಕಾಲಕ್ಕೆ ಈ ಹೊಳೆ ಮೈಸೂರು ಸಂಸ್ಥಾನಕ್ಕೂ ಮುಂಬೈ ಪ್ರಾಂತ್ಯಕ್ಕೂ ಗಡಿಯಾಗಿತ್ತು. ಆಚೆ ದಡದ ಬಂಗಲೆಯನ್ನು ಹಿರಿಯರು ಈಗಲೂ ಮುಂಬೈ ಬಂಗಲೆ ಎನ್ನುವುದುಂಟು. 1956ರಲ್ಲಿ ಎರಡೂ ದಡಗಳು ಒಂದೇ ರಾಜ್ಯಕ್ಕೆ ಬಂದವು. ಆದರೂ ಈಚೆ ಶಿವಮೊಗ್ಗ ಜಿಲ್ಲೆ, ಆಚೆ ಉತ್ತರ ಕನ್ನಡ ಎಂಬ ಗೆರೆ ಹಾಗೇ ಇದೆ. ಈಚೆ ದಡದಲ್ಲಿ ಜಾತ್ರೆಯಷ್ಟು ಜನ ಇರುವ ಹೊತ್ತಿನಲ್ಲಿ, ರಾಜ ಧುಮುಕುವ ನೆತ್ತಿಯ ಪಕ್ಕದ ಆಚೆ ದಡದಲ್ಲಿ ಹತ್ತು ಜನ ಇರುತ್ತಾರೆ. ಎರಡು ದಡಗಳನ್ನೂ ಒಂದೇ ಟಿಕೆಟ್ಟಿನಲ್ಲಿ, ಮಧ್ಯೆ ಒಂದು ಸಣ್ಣ ಬಸ್ಸು ಓಡಿಸಿ ಜೋಡಿಸಿದರೆ ಈಚೆಯ ನೂಕುನುಗ್ಗಲು ತಗ್ಗುತ್ತದೆ. ಇದಕ್ಕೆ ಇಬ್ಬರು ಜಿಲ್ಲಾಧಿಕಾರಿಗಳು ಒಂದು ಮಧ್ಯಾಹ್ನ ಒಟ್ಟಿಗೆ ಕೂತರೆ ಸಾಕು ಎಂದುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ.

ಅರಣ್ಯ ಖಾತೆಯವರಲ್ಲಿ ನನ್ನ ಮಾತು ಹೆಚ್ಚು ಬೇಡಿಕೆಯದಲ್ಲ, ನೆನಪಿನದು. 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಎಂದು 930 ಚದರ ಕಿಲೋಮೀಟರಿಗೂ ಹೆಚ್ಚಿನ ಕಾಡನ್ನು ಒಂದೇ ಹೆಸರಿನಡಿ ತಂದದ್ದು ನಿಮ್ಮದೇ ಖಾತೆ. ಪಶ್ಚಿಮ ಘಟ್ಟ ಬಿಟ್ಟು ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಸಿಂಗಳೀಕ ಎಂಬ ಮಂಗ, ಘಟ್ಟದಲ್ಲೂ ಉತ್ತರಕ್ಕೆ ಇಲ್ಲಿ ಶರಾವತಿ ಮತ್ತು ಅಘನಾಶಿನಿಯ ಕಾನುಗಳಲ್ಲಿ ಕೊನೆಗೊಳ್ಳುತ್ತದೆ. ಮರದಿಂದ ಮರಕ್ಕೇ ಬದುಕುವ ಪ್ರಾಣಿ. ಮರಿ ಹಾಕುವುದು ನಿಧಾನ. ಉಪ್ಪಾಗೆ ಹಣ್ಣು ಅದಕ್ಕೂ ಬೇಕು, ಸಿಪ್ಪೆ ಒಣಗಿಸಿ ಮಾರುವ ನಮ್ಮ ಜನರಿಗೂ ಬೇಕು. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಹೆದ್ದಾರಿಯ ಪಕ್ಕದಲ್ಲೇ ಕತ್ತಲೆಕಾನು ಇದೆ. ಅಲ್ಲಿನ ರಾಮಪತ್ರೆ ಜಡ್ಡಿಗಳಲ್ಲಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡುಗಳಲ್ಲಿ, ಬೇರುಗಳು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆ ಎದ್ದಿರುತ್ತವೆ. ಆ ಕಾನಿನ ಹೆಸರನ್ನೇ ಹೊತ್ತ ಒಂದು ಗೇರು ಜಾತಿಯ ಮರ ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ, ಅಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಮದುವೆಯಾದ ಮೇಲೆ. ಇಷ್ಟೆಲ್ಲ ಇರುವ ಕಾಡಿನ ನಡುವೆ ಬಂದವರು ವಾಹನ ನಿಲ್ಲಿಸಿ ಕಿಟಕಿಯಿಂದ ಮಂಗಗಳಿಗೆ ಕುರುಕಲು ತಿಂಡಿ ಎಸೆಯುತ್ತಾರೆ. ಕಟ್ಟೆಯ ಮೇಲೆ ಕೈಯಿಂದ ಪೊಟ್ಟಣ ಕಿತ್ತುಕೊಳ್ಳುವ ಸಾಮಾನ್ಯ ಕೋತಿಗೂ ಕೆಳಗಿನ ಕಾನಿನ ಸಿಂಗಳೀಕಕ್ಕೂ ಇರುವ ವ್ಯತ್ಯಾಸವನ್ನು ಒಂದು ಚಿತ್ರದಲ್ಲಿ ತೋರಿಸುವ ಫಲಕ ದ್ವಾರದಲ್ಲೇ ಬೇಕು.

ಮೂರೂ ಖಾತೆಗಳು ಒಂದೇ ಗುಂಡಿಯ ಮೇಲೆ ಎದುರುಬದುರಾಗಿ ನಿಲ್ಲುವ ಸಂಗತಿ ಇನ್ನೊಂದಿದೆ. ಅದನ್ನು ಬಿಟ್ಟು ಈ ಪತ್ರ ಮುಗಿಸಿದರೆ ಅಪ್ರಾಮಾಣಿಕತೆಯಾದೀತು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಇದೇ ಅಭಯಾರಣ್ಯದ ನೆಲದೊಳಗೆ, 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವಿದೆ. ವಿದ್ಯುತ್ ಹೆಚ್ಚಿರುವಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ವಿಧಾನ ಅದು. ಎತ್ತಲು ಬೇಕಾಗುವಷ್ಟು ವಿದ್ಯುತ್ತು ಮರಳಿ ಬರುವುದಿಲ್ಲವಾದರೂ ಸೌರಶಕ್ತಿಯ ಕಾಲದಲ್ಲಿ ಅದರ ಉಪಯೋಗವನ್ನು ಅಲ್ಲಗಳೆಯಲಾರೆ. ಆದರೆ ಅದಕ್ಕೆ ಐವತ್ತಕ್ಕೂ ಹೆಚ್ಚು ಹೆಕ್ಟೇರ್ ಕಾಡು, ಹದಿನೈದು ಸಾವಿರಕ್ಕೂ ಹೆಚ್ಚು ಮರಗಳು ಹೋಗಬೇಕು ಎಂಬ ಲೆಕ್ಕ ಹೊರಬಿದ್ದಿದೆ. ಘಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆಯಬೇಕು, ರಸ್ತೆ ಅಗಲಿಸಬೇಕು. 2025ರಲ್ಲಿ ನಡೆದ ಅಹವಾಲು ಸಭೆಗಳಲ್ಲಿ ಸಾಗರ, ಹೊನ್ನಾವರ ತಾಲ್ಲೂಕುಗಳ ಜನ ಏನು ಹೇಳಿದರೆಂಬುದು ನಿಮ್ಮ ಕಡತಗಳಲ್ಲಿದೆ. ಮರ ಕಡಿದರೆ ಸಿಂಗಳೀಕ ಬೇರೆ ಮರಕ್ಕೆ ಹೋಗುತ್ತದೆ ಎನ್ನುವವರು ಅದು ನೆಲಕ್ಕಿಳಿದು ರಸ್ತೆ ದಾಟುವುದನ್ನು ನೋಡಿರಲಾರರು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಒಂದು ಕಣಿವೆ ಎರಡು ಸಲ ತ್ಯಾಗ ಮಾಡಿದ ಮೇಲೆ ಮೂರನೆಯ ಸಲ ಅದನ್ನು ಕೇಳುವ ಮೊದಲು ಬೇರೆ ಬಾಗಿಲುಗಳನ್ನೆಲ್ಲ ತಟ್ಟಿ ಬರಬೇಕು.

ಇಷ್ಟು ಬರೆದ ಮೇಲೆ ಪ್ರವಾಸಿಗಳಿಗೆ ಏನೂ ಹೇಳದಿದ್ದರೆ ಅವರನ್ನು ಮಕ್ಕಳೆಂದು ತಿಳಿದಂತಾದೀತು. ಕಂಬಿ ದಾಟಬೇಡಿ, ಬಂಡೆಯ ನೆತ್ತಿಯ ಪಾಚಿಗೆ ಈಜು ಬಲ್ಲವರು, ಬಾರದವರು ಎಂಬ ಭೇದವಿಲ್ಲ. ಸೋಮವಾರದಿಂದ ಗುರುವಾರದೊಳಗೆ ಬನ್ನಿ. ಅಕ್ಟೋಬರ್ ನವೆಂಬರಿನಲ್ಲಿ ಬಂದರೆ ನೀರೂ ಇರುತ್ತದೆ, ಕಣಿವೆಯೂ ಕಾಣುತ್ತದೆ. ಬಂದವರು ಕನಿಷ್ಠ ಎರಡು ಗಂಟೆ ಇರಿ.

ಮಾನ್ಯ ಸಚಿವರೇ, ಕೇಳಿದ್ದರಲ್ಲಿ ದೊಡ್ಡವು ಹಲವಿವೆ, ಅವಕ್ಕೆ ವರ್ಷಗಳು ಹಿಡಿಯುತ್ತವೆ ಎಂದು ಬಲ್ಲೆ. ಆದ್ದರಿಂದ ಎಲ್ಲಕ್ಕಿಂತ ಸಣ್ಣದರಿಂದ ಆರಂಭಿಸೋಣ. ದ್ವಾರದ ಬಳಿ ನಾಲ್ಕಡಿ ಉದ್ದ, ಮೂರಡಿ ಅಗಲದ ಕಪ್ಪು ಹಲಗೆಯೊಂದನ್ನು ನಿಲ್ಲಿಸಲು ಅನುಮತಿ ಕೊಡಿ. ಅಣೆಕಟ್ಟಿನ ಮಟ್ಟವನ್ನು ದಿನಾ ಬೆಳಿಗ್ಗೆ ದೂರವಾಣಿಯಲ್ಲಿ ತಿಳಿಸಲು ಒಬ್ಬರಿಗೆ ಹೇಳಿ, ಮಂಜಿನ ಸ್ಥಿತಿಯನ್ನು ಅಲ್ಲಿನ ಕಾವಲುಗಾರರೇ ನೋಡಿ ಬರೆಯುತ್ತಾರೆ. ಹಲಗೆ ನನ್ನ ಹಳೆಯ ಶಾಲೆಯಲ್ಲಿ ಮೂಲೆ ಸೇರಿರುವುದು ಒಂದಿದೆ, ಕೇಳಿದರೆ ಕೊಡುತ್ತಾರೆ. ಮಳೆ ತಾಗದ ಹಾಗೆ ಮೇಲೊಂದು ತಗಡಿನ ಸೂರು ಬೇಕಾಗುತ್ತದೆ, ಅದರ ಖರ್ಚು ನನ್ನದು. ಜೂನ್ ಮೊದಲ ವಾರದೊಳಗೆ ಉತ್ತರ ಬಂದರೆ ಮುಂಗಾರಿಗೆ ಮುಂಚೆ ನಿಲ್ಲಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕ